ಡಾರ್ಕ್ ಸೋಲ್ಸ್ ಮುಗಿದ ಮೇಲೆ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ಹೊಳೆದದ್ದು ವಿಜಯನಗರದ ಕೆರೆ ಕಾಲುವೆಗಳ ವಿಷಯ. ಇತಿಹಾಸದ ವಿದ್ಯಾರ್ಥಿಗೆ ಅದು ಒಪ್ಪುವಂಥದು. ಅಧ್ಯಾಪಕರು ಮೆಚ್ಚಿಯಾರೆಂಬ ಆಸೆಯೂ ಇತ್ತು. ಆದರೆ ಕಳೆದ ಒಂದು ವರ್ಷದಲ್ಲಿ ಕೆರೆ ಕಾಲುವೆಗಳ ವಿಷಯವಾಗಿ ನನ್ನನ್ನು ಕೇಳಿದವರು ಒಬ್ಬರೂ ಇಲ್ಲ. ಕಾಲೇಜಿನ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ಒಮ್ಮೆ ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿಯೂ ಕಿರಿಯ ವಿದ್ಯಾರ್ಥಿಗಳು ನನ್ನನ್ನು ತಡೆದು ಕೇಳಿರುವುದು ಒಂದೇ ಪ್ರಶ್ನೆ: “ಅಣ್ಣಾ, ಡಾರ್ಕ್ ಸೋಲ್ಸ್ ಮುಗೀತು. ಮುಂದೆ ಯಾವುದು ಆಡ್ಲಿ?” ಹತ್ತು ಮಂದಿಗೆ ಹತ್ತು ಬಾರಿ ಹೇಳಿದ್ದನ್ನು ಒಮ್ಮೆ ಬರೆದಿಟ್ಟರೆ ಆಯಿತೆಂದು ಈ ಲೇಖನ. ಕಂಪ್ಯೂಟರಿನ ಆಟಗಳೆಂದರೆ ಕಾಲಹರಣವೆಂದು ತಿಳಿದಿರುವ ಗುರುಗಳು ಒಂದೆರಡು ಪುಟಗಳ ಮಟ್ಟಿಗೆ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ.

ಮೊದಲು ಈ ಆಟಗಳ ಜಾತಿ ಎಂಥದೆಂದು ಹೇಳಬೇಕು. ಇವುಗಳನ್ನು ಆ್ಯಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವನು ಒಂದು ಪಾತ್ರವನ್ನು ಧರಿಸುತ್ತಾನೆ. ಆ ಪಾತ್ರದ ಬಲ, ಆಯುಧ, ವಿದ್ಯೆಗಳನ್ನು ತನ್ನ ಇಷ್ಟದಂತೆ ಬೆಳೆಸುತ್ತಾನೆ. ಕಾದಾಟವನ್ನು ಮಾತ್ರ ತನ್ನ ಕೈಚಳಕದಿಂದಲೇ ಮಾಡಬೇಕು. ಇವುಗಳಲ್ಲಿ ಕಠಿನವಾದ ಒಂದು ಪಂಗಡವುಂಟು. ಅದರ ಮೂಲಪುರುಷನೆಂದರೆ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2009ರಲ್ಲಿ ಹೊರತಂದ ಡೀಮನ್ಸ್ ಸೋಲ್ಸ್. 2011ರಲ್ಲಿ ಬಂದ ಡಾರ್ಕ್ ಸೋಲ್ಸ್ ಆ ಪಂಗಡವನ್ನು ಲೋಕಕ್ಕೆಲ್ಲ ಪರಿಚಯಿಸಿತು. ಆಮೇಲೆ ಬೇರೆ ದೇಶಗಳವರೂ ಅದೇ ದಾರಿ ಹಿಡಿದು ಆಟಗಳನ್ನು ಮಾಡತೊಡಗಿದರು.

ಇವುಗಳ ನಿಯಮ ಸರಳ, ಆದರೆ ನಿರ್ದಯ. ಶತ್ರುವನ್ನು ಕೊಂದರೆ ‘ಸೋಲ್ಸ್’, ಅಂದರೆ ಆತ್ಮಗಳು, ದೊರೆಯುತ್ತವೆ. ಆ ಲೋಕದಲ್ಲಿ ಅದೇ ನಾಣ್ಯ, ಅದೇ ವಿದ್ಯೆ. ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲಿಯೇ ಬಿದ್ದಿರುತ್ತದೆ. ನಾವು ಹಿಂದಿನ ಬೆಂಕಿಯ ತಾಣದಲ್ಲಿ ಎದ್ದು ಕೂರುತ್ತೇವೆ. ಮತ್ತೆ ಅಲ್ಲಿಯವರೆಗೆ ಹೋಗಿ ಮುಟ್ಟಿದರೆ ಗಂಟು ನಮ್ಮದು. ಹೋಗುವ ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅದು ಎಂದೆಂದಿಗೂ ಇಲ್ಲ. ಬೆಂಕಿಯ ಬಳಿ ಕುಳಿತರೆ ಗಾಯ ಮಾಯುತ್ತದೆ, ಮದ್ದಿನ ಸೀಸೆ ತುಂಬುತ್ತದೆ; ಜೊತೆಗೆ ನಾವು ಕಷ್ಟಪಟ್ಟು ಕೊಂದ ಶತ್ರುಗಳೂ ಎದ್ದು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. ಒಂದೊಂದು ಘಟ್ಟದ ಕೊನೆಯಲ್ಲಿ ಬಾಗಿಲು ಕಾಯುವ ದೈತ್ಯನೊಬ್ಬನಿರುತ್ತಾನೆ. ಆಟಗಾರರ ಭಾಷೆಯಲ್ಲಿ ಅವನು ‘ಬಾಸ್’. ಅವನ ಕೈಯಲ್ಲಿ ಇಪ್ಪತ್ತು ಮೂವತ್ತು ಬಾರಿ ಸಾಯುವುದು ಅವಮಾನವಲ್ಲ, ವಾಡಿಕೆ. ನನ್ನ ತಂಗಿ ಪರದೆಯ ಮೇಲಿನ ಹೆಸರನ್ನು ಓದಿ, ‘ಸೋಲ್ಸ್’ ಎಂದರೆ ನಮ್ಮ ‘ಸೋಲು’ ಎಂಬುದರ ಬಹುವಚನವೆಂದೇ ತಿಳಿದಿದ್ದಳು. ಅವಳ ಅರ್ಥ ನಿಘಂಟಿನದಕ್ಕಿಂತ ಹೆಚ್ಚು ಸರಿಯಾಗಿತ್ತೆನ್ನದೆ ವಿಧಿಯಿಲ್ಲ. ಅವ್ವ ಮಾತ್ರ ಅಡಿಗೆಯ ಮನೆಯಿಂದಲೇ, “ಏನೋ, ಮತ್ತ ಸತ್ಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ರೊಟ್ಟಿ ಬಡಿಯುವಳು.

ಇಂಥ ಆಟವೊಂದನ್ನು ಮುಗಿಸಿದವನು ಮುಂದಿನದನ್ನು ಹೇಗೆ ಆರಿಸಬೇಕು? ಹೆಚ್ಚಿನವರು ಕೇಳುವುದು, “ಎಲ್ಲಕ್ಕಿಂತ ಕಷ್ಟದ್ದು ಯಾವುದು?” ಎಂದು. ಇಲ್ಲವೇ, “ಎಲ್ಲರೂ ಹೊಗಳುವುದು ಯಾವುದು?” ಎಂದು. ಈ ಎರಡು ಪ್ರಶ್ನೆಗಳೂ ತಪ್ಪು ದಾರಿಗೆ ಎಳೆಯುತ್ತವೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ತರಗತಿಯ ಗೆಳೆಯನೊಬ್ಬನ ಕಥೆ ಕೇಳಿ. ಅವನು ತನ್ನ ಸೋದರಮಾವನ ಮನೆಯ ಕಂಪ್ಯೂಟರಿನಲ್ಲಿ ಎಲ್ಡೆನ್ ರಿಂಗ್ ಆಡಿ ಮುಗಿಸಿದ. ಆಡಿದ ಬಗೆ ಹೀಗೆ: ಎದುರಾಳಿ ಬಲವಂತನೆಂದು ಕಂಡರೆ ಕುದುರೆ ತಿರುಗಿಸಿ ಬೇರೆ ಕಡೆ ಹೋಗುವುದು, ಊರೆಲ್ಲ ಅಲೆದು ಬಲ ಬೆಳೆಸುವುದು, ಬಂದು ದೂರದಲ್ಲಿ ನಿಂತು ಮಂತ್ರ ಬಿಡುವುದು, ಜೊತೆಗೆ ಒಂದು ಭೂತವನ್ನು ಕರೆದು ಮುಂದೆ ನಿಲ್ಲಿಸುವುದು. ಇದರಲ್ಲಿ ನಾಚುವಂಥದು ಏನೂ ಇಲ್ಲ. ಆಟ ಇದಕ್ಕೆಲ್ಲ ಅನುಮತಿ ಕೊಡುತ್ತದೆ. ಆಮೇಲೆ ಸೆಕಿರೊ ಎಂಬ ಆಟಕ್ಕೆ 2019ರಲ್ಲಿ ‘ವರ್ಷದ ಅತ್ಯುತ್ತಮ ಆಟ’ವೆಂಬ ಪ್ರಶಸ್ತಿ ಬಂದಿತ್ತೆಂದು ಕೇಳಿ, ಮೆಸ್ಸಿನ ದುಡ್ಡಿನಲ್ಲಿ ಉಳಿಸಿದ್ದನ್ನೆಲ್ಲ ಸುರಿದು ಅದನ್ನು ಕೊಂಡ. ಸೆಕಿರೊದಲ್ಲಿ ಕುದುರೆ ಇಲ್ಲ, ಭೂತವಿಲ್ಲ, ದೂರದಿಂದ ಬಿಡುವ ಮಂತ್ರವಿಲ್ಲ. ಇರುವುದು ಒಂದು ಕತ್ತಿ. ಕುದುರೆಯ ಮೇಲೆ ಬರುವ ಗ್ಯೋಬು ಎಂಬ ಸರದಾರನ ಕೈಯಲ್ಲಿ ಮೂರು ಸಂಜೆ ಸತ್ತು ನಾಲ್ಕನೆಯ ಸಂಜೆ ಅದನ್ನು ಅಳಿಸಿಹಾಕಿದ. ಹೋದದ್ದು ಎರಡು ತಿಂಗಳ ಉಳಿತಾಯ. ಇನ್ನೂ ಕೆಟ್ಟದ್ದೆಂದರೆ, ಅವನು ಅಂದಿನಿಂದ “ನನಗೆ ಕೈಯೇ ಸಾಲದು” ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಅವನಿಗೆ ಕೈ ಧಾರಾಳವಾಗಿ ಸಾಲುತ್ತದೆ. ಅವನು ಕುಸ್ತಿಯ ಕಣಕ್ಕೆ ಚದುರಂಗದ ಬುದ್ಧಿ ತೆಗೆದುಕೊಂಡು ಹೋಗಿದ್ದ, ಅಷ್ಟೆ.

ಆದುದರಿಂದ ನಾನು ಕೇಳುವ ಪ್ರಶ್ನೆಯೇ ಬೇರೆ. ಹಿಂದಿನ ಆಟದಲ್ಲಿ ಸೋತಾಗ ನೀನು ಏನು ಮಾಡಿದೆ? ಎದ್ದು ಬೇರೆ ದಾರಿ ಹಿಡಿದು, ಬಲ ಬೆಳೆಸಿ ಬಂದೆಯೋ? ಆಯುಧ, ಕವಚಗಳನ್ನು ಬದಲಿಸಿ ಲೆಕ್ಕ ಹಾಕಿದೆಯೋ? ಅಥವಾ ಅದೇ ಕತ್ತಿ ಹಿಡಿದು ಅದೇ ಬಾಗಿಲಿಗೆ, ಈ ಬಾರಿ ಅವನ ಎಡಗೈಯನ್ನು ನೋಡಿಕೊಳ್ಳೋಣವೆಂದು, ಮತ್ತೆ ನಡೆದೆಯೋ? ಇವು ಮೂರೂ ಬೇರೆ ಬೇರೆ ಸ್ವಭಾವಗಳು. ಇವಕ್ಕೆ ತಕ್ಕ ಆಟಗಳೂ ಬೇರೆ ಬೇರೆ.

ಅಲೆಯುವ ಸ್ವಭಾವದವರಿಗೆ ಎಲ್ಡೆನ್ ರಿಂಗ್ ಹೇಳಿಮಾಡಿಸಿದಂತಿದೆ. ಇದು 2022ರ ಫೆಬ್ರವರಿಯಲ್ಲಿ ಬಂತು. ಇದರ ಪುರಾಣದ ಹಿನ್ನೆಲೆಯನ್ನು ಬರೆದವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಗುಹೆಯಿಂದ ಹೊರಬಂದು ಬಯಲಿಗೆ ಕಾಲಿಟ್ಟ ಕೂಡಲೇ ಚಿನ್ನದ ಕವಚ ತೊಟ್ಟ ಸವಾರನೊಬ್ಬ ಕಾಣುತ್ತಾನೆ. ಹೊಸಬರು ಅವನನ್ನು ಆಟದ ಮೊದಲ ಪಾಠವೆಂದು ತಿಳಿದು ಮೇಲೆ ಬೀಳುತ್ತಾರೆ, ಎರಡೇಟಿಗೆ ಮಣ್ಣಾಗುತ್ತಾರೆ. ಅವನು ಪಾಠವೇನೋ ನಿಜ. ಪಾಠವೆಂದರೆ ‘ಪಕ್ಕಕ್ಕೆ ಸರಿದು ಹೋಗು’ ಎಂಬುದು. ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬವನು ತಡೆದರೆ ದಕ್ಷಿಣಕ್ಕೆ ತಿರುಗಿ ವೀಪಿಂಗ್ ಪೆನಿನ್ಸುಲಾ ಎಂಬ ಇಡೀ ಸೀಮೆಯನ್ನೇ ಸುತ್ತಿ ಬರಬಹುದು. ಬರುವಷ್ಟರಲ್ಲಿ ಅವನು ತಾನಾಗಿಯೇ ಅರ್ಧ ಇಳಿದಿರುತ್ತಾನೆ. ಬಿಗಿಯಾದ ಸೋಲುಗಳು ಇದರಲ್ಲಿಯೂ ಇವೆ. 2024ರಲ್ಲಿ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಅನುಬಂಧ ಪಳಗಿದವರನ್ನೂ ಅಳಿಸಿತು. ಆದರೆ ತಪ್ಪಿಸಿಕೊಳ್ಳುವ ದಾರಿ ಸದಾ ತೆರೆದಿರುತ್ತದೆ. ಒಂದು ಎಚ್ಚರಿಕೆ: ಈ ಆಟ ನೂರು ಗಂಟೆಗಳನ್ನು ಸದ್ದಿಲ್ಲದೆ ನುಂಗುತ್ತದೆ. ಐದನೆಯ ಸೆಮಿಸ್ಟರಿನಲ್ಲಿ ಇದನ್ನು ಆರಂಭಿಸಬಾರದು. ಆರಂಭಿಸಿದ ಒಬ್ಬರು ನಮ್ಮ ಹಾಸ್ಟೆಲಿನಲ್ಲಿದ್ದಾರೆ. ಅವರ ಹಾಜರಿಯ ವಿಷಯ ಇಲ್ಲಿ ಬೇಡ.

ಲೆಕ್ಕ ಹಾಕುವವರಿಗೆ ನಿಯೊ. ಜಪಾನಿನ ಟೀಮ್ ನಿಂಜಾ ಎಂಬ ತಂಡ 2017ರಲ್ಲಿ ಮೊದಲ ಭಾಗವನ್ನು, 2020ರಲ್ಲಿ ಎರಡನೆಯದನ್ನು ಹೊರತಂದಿತು. ಕತ್ತಿಯನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಬಗೆಯಲ್ಲಿ ಹಿಡಿಯಬಹುದು. ಹೊಡೆದ ಮೇಲೆ ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತಿದರೆ ಕಳೆದುಕೊಂಡ ದಮ್ಮು ಹಿಂದಿರುಗುತ್ತದೆ. ಪ್ರತಿ ಹೆಜ್ಜೆಗೂ ಹೊಸ ಕತ್ತಿ, ಹೊಸ ಕವಚ ಸಿಗುತ್ತಲೇ ಇರುತ್ತವೆ. ಸಂತೆಯ ದಿನ ಚೌಕಾಸಿ ಮಾಡುವುದರಲ್ಲಿ ಸುಖಪಡುವವರಿಗೆ ಇದು ಸ್ವರ್ಗ, ನನ್ನಂಥವನಿಗೆ ತಲೆನೋವು. ಮೊದಲ ಭಾಗದ ನಾಯಕ ವಿಲಿಯಂ ಎಂಬವನು 1600ರಲ್ಲಿ ಡಚ್ಚರ ಹಡಗಿನಲ್ಲಿ ಜಪಾನಿಗೆ ಬಂದ ವಿಲಿಯಂ ಆ್ಯಡಮ್ಸ್ ಎಂಬ ಇಂಗ್ಲಿಷ್ ನಾವಿಕನ ನೆರಳು ಎಂಬುದನ್ನು ಇತಿಹಾಸದ ಸಹಪಾಠಿಗಳಿಗಾಗಿ ಹೇಳುತ್ತಿದ್ದೇನೆ.

ಇತಿಹಾಸದ ಮಾತು ಬಂದುದರಿಂದ ಇನ್ನೊಂದನ್ನೂ ಸೇರಿಸುತ್ತೇನೆ. 2024ರ ಆಗಸ್ಟಿನಲ್ಲಿ ಚೀನಾದಿಂದ ಬ್ಲ್ಯಾಕ್ ಮಿಥ್: ವುಕಾಂಗ್ ಎಂಬ ಆಟ ಬಂತು. ‘ಪಶ್ಚಿಮಯಾತ್ರೆ’ ಎಂಬ ಹಳೆಯ ಚೀನೀ ಕಾದಂಬರಿಯ ವಾನರವೀರನೇ ಅದರ ಆಧಾರ. ಆ ಕಾದಂಬರಿಯಲ್ಲಿ ವಾನರನು ಕಾಯುವ ಭಿಕ್ಷುವಿನ ಪಾತ್ರಕ್ಕೆ ಮೂಲವಾದವನು ಮತ್ತಾರೂ ಅಲ್ಲ, ನಾವು ಪಠ್ಯಪುಸ್ತಕದಲ್ಲಿ ಓದುವ ಹ್ಯೂಯೆನ್ ತ್ಸಾಂಗ್. 7ನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಪರಾಕ್ರಮವನ್ನು ಬರೆದಿಟ್ಟವನು. ಬಾದಾಮಿಯ ಚಾಲುಕ್ಯರ ಮೇಲೆ ಟಿಪ್ಪಣಿ ಬರೆಯುತ್ತಿದ್ದಾಗ ಇದು ಹೊಳೆದು ನಾನು ಒಬ್ಬನೇ ನಕ್ಕದ್ದುಂಟು. ಆಟದಲ್ಲಿ ಬಾಸುಗಳ ಮೆರವಣಿಗೆಯೇ ಇದೆ. ಆದರೆ ಸತ್ತರೆ ಗಳಿಕೆ ಹೋಗುವುದಿಲ್ಲ. ಸೋಲ್ಸ್ ಪಂಗಡದ ಆ ಎದೆಬಡಿತ ಬೇಕೆನ್ನುವವರಿಗೆ ಸಪ್ಪೆಯೆನಿಸಬಹುದು. ಕಂಪ್ಯೂಟರಿನಲ್ಲಿ ಇದು ಕೇಳುವ ಜಾಗ 130 ಜಿಬಿ. ನನ್ನ ಕಂಪ್ಯೂಟರಿನಲ್ಲಿ ಅಷ್ಟು ಜಾಗ ಮಾಡಬೇಕಾದರೆ ಕಂಪ್ಯೂಟರನ್ನೇ ತೆಗೆದುಹಾಕಬೇಕು.

ಮೂರನೆಯ ಸ್ವಭಾವದವರು, ಅದೇ ಬಾಗಿಲಿಗೆ ಮತ್ತೆ ನಡೆಯುವವರು. ಇವರಿಗೆ ಸೆಕಿರೊ. ಇದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಗೆಳೆಯ ಮೋಸಹೋದದ್ದು ಇಲ್ಲಿಯೇ. ಡಾರ್ಕ್ ಸೋಲ್ಸ್‌ನಲ್ಲಿ ಏಟನ್ನು ಗುರಾಣಿಯಿಂದ ತಡೆಯುತ್ತೇವೆ ಅಥವಾ ಉರುಳಿ ತಪ್ಪಿಸಿಕೊಳ್ಳುತ್ತೇವೆ. ಸೆಕಿರೊದಲ್ಲಿ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಕತ್ತಿಗೆ ಕತ್ತಿ ತಟ್ಟಬೇಕು. ಎದುರಾಳಿಗೆ ಪ್ರಾಣದ ಪಟ್ಟಿಯಲ್ಲದೆ ‘ನಿಲುವಿನ’ ಪಟ್ಟಿಯೊಂದಿದೆ. ತಟ್ಟಿದಷ್ಟೂ ಅವನ ನಿಲುವು ಕುಸಿಯುತ್ತದೆ. ಪೂರ್ತಿ ಕುಸಿದಾಗ ಒಂದೇ ಏಟಿಗೆ ಅವನ ಕಥೆ ಮುಗಿಯಿತು. ಬಿಟ್ಟು ದೂರ ಓಡಿದೆವೋ, ಅವನು ಸುಧಾರಿಸಿಕೊಳ್ಳುತ್ತಾನೆ. ಅಂದರೆ ಹೆದರಿ ಹಿಂದೆ ಸರಿಯುವುದಕ್ಕೆ ಇಲ್ಲಿ ದಂಡವಿದೆ. ಈಟಿಯಿಂದ ಇರಿದರೆ ಮುಂದಕ್ಕೆ ನುಗ್ಗಿ ಅದನ್ನು ಮೆಟ್ಟಬೇಕು, ಕಾಲಿಗೆ ಬೀಸಿದರೆ ಹಾರಬೇಕು. ನಮ್ಮ ಏಟಿನ ಬಲ ಬಹುಮಟ್ಟಿಗೆ ದೊಡ್ಡ ಬಾಸುಗಳನ್ನು ಸೋಲಿಸಿದರೆ ಮಾತ್ರ ಏರುತ್ತದೆ. ಆದುದರಿಂದ ಚಿಲ್ಲರೆ ಶತ್ರುಗಳನ್ನು ನೂರು ಬಾರಿ ಕೊಂದು ಬಲ ಕೂಡಿಹಾಕುವ ಉಪಾಯ ನಡೆಯದು. ಬೆಳೆಯಬೇಕಾದದ್ದು ಪಾತ್ರವಲ್ಲ, ಆಡುವವನ ಕೈ. ಅದಕ್ಕಾಗಿಯೇ ಪಾಳುಗುಡಿಯ ಅಂಗಳದಲ್ಲಿ ಹನ್‌ಬೇ ಎಂಬ ಸಾವಿಲ್ಲದ ಯೋಧನೊಬ್ಬನನ್ನು ನಿಲ್ಲಿಸಿದ್ದಾರೆ. ಗರಡಿಮನೆಯಲ್ಲಿ ಜೋಡಿಯವನು ಪಟ್ಟು ಕಲಿಸಿದಂತೆ, ಕೇಳಿದಷ್ಟು ಬಾರಿ ಕತ್ತಿಗೆ ಕತ್ತಿ ಕೊಡುತ್ತಾನೆ. ನನ್ನ ಗೆಳೆಯ ಅವನ ಬಳಿ ಒಂದು ದಿನವೂ ಹೋಗಿರಲಿಲ್ಲ.

ಸೆಕಿರೊದ ಹತ್ತಿರದ ನೆಂಟನೆಂದರೆ ದಕ್ಷಿಣ ಕೊರಿಯಾದಿಂದ 2023ರಲ್ಲಿ ಬಂದ ಲೈಸ್ ಆಫ್ ಪಿ. ಪಿನೋಕಿಯೊ ಎಂಬ ಮರದ ಗೊಂಬೆಯ ಕಥೆಯನ್ನು ಕರಾಳವಾಗಿ ತಿರುಗಿಸಿದ ಆಟ. ತಟ್ಟುವುದೂ ಉಂಟು, ಬಲ ಬೆಳೆಸುವುದೂ ಉಂಟು. ಆಯುಧದ ಅಲಗನ್ನೂ ಹಿಡಿಯನ್ನೂ ಬೇರ್ಪಡಿಸಿ ಬೇರೆ ಬೇರೆಯಾಗಿ ಜೋಡಿಸಬಹುದು. ಡಾರ್ಕ್ ಸೋಲ್ಸ್‌ನಿಂದ ಸೆಕಿರೊಗೆ ಒಮ್ಮೆಲೇ ಹಾರಲು ಅಂಜುವವರಿಗೆ ನಡುವಿನ ಮೆಟ್ಟಿಲು. 2015ರ ಬ್ಲಡ್‌ಬೋರ್ನ್ ಇವೆಲ್ಲಕ್ಕಿಂತ ಚೆಲುವಾದುದೆಂದು ಆಡಿದವರು ಆಣೆಯಿಟ್ಟು ಹೇಳುತ್ತಾರೆ. ಅದು ಪ್ಲೇಸ್ಟೇಷನ್ನಿಗೆ ಮಾತ್ರ ಬಂದದ್ದು. ನಮ್ಮಲ್ಲಿ ಅದಿರುವವರು ಎಷ್ಟು ಮಂದಿ? ಮುಂದೆ ಹೋಗೋಣ.

ಸ್ವಭಾವ ಒಂದು ಕಡೆಯಾದರೆ ಜೇಬು ಇನ್ನೊಂದು ಕಡೆ. ನನ್ನ ಕಂಪ್ಯೂಟರು ಮುಚ್ಚಿಹೋದ ಸೈಬರ್ ಅಂಗಡಿಯೊಂದರಿಂದ ಕೊಂಡದ್ದು. ಗ್ರಾಫಿಕ್ಸ್ ಕಾರ್ಡನ್ನು ಎರಡು ರಜೆ ಮಕ್ಕಳಿಗೆ ಮನೆಪಾಠ ಹೇಳಿ ಆಮೇಲೆ ಸೇರಿಸಿದೆ. ಅದರ ರ‍್ಯಾಮ್ 8 ಜಿಬಿ. ಎಲ್ಡೆನ್ ರಿಂಗ್ ಕನಿಷ್ಠವೆಂದು ಕೇಳುವುದೇ 12 ಜಿಬಿ. ಸೆಕಿರೊ 4ಕ್ಕೆ ಒಪ್ಪುತ್ತದೆ. ಕೊಳ್ಳುವ ಮೊದಲು ಈ ಅಂಕಿಗಳನ್ನು ನೋಡದೆ, ಕೊಂಡ ಮೇಲೆ ಪರದೆ ತೆವಳುವುದನ್ನು ನೋಡಿ ಗೋಳಾಡುವವರು ಬಹಳ. ಗ್ರಾಫಿಕ್ಸ್ ಕಾರ್ಡೇ ಇಲ್ಲದವರೂ ನಿರಾಶರಾಗಬೇಕಿಲ್ಲ. ಆಸ್ಟ್ರೇಲಿಯಾದ ಪುಟ್ಟ ತಂಡವೊಂದು 2017ರಲ್ಲಿ ಮಾಡಿದ ಹಾಲೋ ನೈಟ್ ಚಪ್ಪಟೆ ಚಿತ್ರದ ಆಟ. ಹುಳುಗಳ ಪಾತಾಳ ರಾಜ್ಯದ ಕಥೆ. ಶುದ್ಧ ಶಾಸ್ತ್ರದ ಪ್ರಕಾರ ಅದು ಬೇರೆ ಜಾತಿಯದೆನ್ನಬಹುದು. ಆದರೆ ಸತ್ತ ಜಾಗದಲ್ಲಿ ಗಂಟು ಬಿಟ್ಟುಬರುವ ನಿಯಮ ಅಲ್ಲಿಯೂ ಇದೆ, ಮೂವತ್ತನೆಯ ಬಾರಿ ಗೆದ್ದಾಗಿನ ಕೈನಡುಕವೂ ಇದೆ. ಸ್ಟೀಮ್ ಎಂಬ ಮಾರಾಟದ ತಾಣದಲ್ಲಿ ಕೊಂಡರೆ 14 ದಿನಗಳೊಳಗೆ, ಆಡಿದ್ದು 2 ಗಂಟೆಗೆ ಕಡಿಮೆಯಿದ್ದರೆ, ಹಣ ಹಿಂದಕ್ಕೆ ಬರುತ್ತದೆ. ನಮ್ಮ ಪಂಗಡದ ಆಟಗಳಲ್ಲಿ ಮೊದಲ ಬಾಸಿನ ಮುಂದೆಯೇ ಎರಡು ಗಂಟೆ ಕಳೆಯುವುದುಂಟು. ಗಡಿಯಾರ ನೋಡಿಕೊಂಡು ಸಾಯಬೇಕು. ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಅವಸರವೂ ಬೇಡ. ಬೇಸಿಗೆಗೆ, ಚಳಿಗಾಲಕ್ಕೆ ಅಲ್ಲಿ ರಿಯಾಯಿತಿಯ ಸುಗ್ಗಿ ಬರುತ್ತದೆ. ಈ ಆಟಗಳಿಗೆ ವಯಸ್ಸಾದಷ್ಟೂ ರುಚಿ ಕೆಡುವುದಿಲ್ಲ.

ಇನ್ನು ಭಾಷೆಯ ತೊಡಕು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಡಾರ್ಕ್ ಸೋಲ್ಸ್‌ನಲ್ಲಿ ಕಥೆಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಸಿಕ್ಕ ಉಂಗುರ, ಕತ್ತಿ, ಬೂದಿಗಳ ಕೆಳಗೆ ಹಳೆಯ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿರುತ್ತದೆ. ಅದರಿಂದ ನಾವೇ ಕಟ್ಟಿಕೊಳ್ಳಬೇಕು. ಎರಡು ಸಾಲು ನನಗೆ ಅರ್ಥವಾಗುತ್ತಿತ್ತು, ಉಳಿದೆರಡನ್ನು ಊಹಿಸುತ್ತಿದ್ದೆ. ನನಗೆ ಆಟದ ಅರ್ಧ ತಪ್ಪಿಹೋಯಿತೆಂದು ಬಹುಕಾಲ ಕೊರಗಿದ್ದೆ. ಆಮೇಲೆ ಈ ಆಟಗಳ ನಿರ್ದೇಶಕ ಹಿದೆತಾಕ ಮಿಯಾಜಾಕಿಯವರ ವಿಷಯ ಓದಿದೆ. ಅವರು ಬಡವರ ಮನೆಯ ಹುಡುಗ. ಮನೆಯಲ್ಲಿ ಪುಸ್ತಕ ಕೊಳ್ಳುವ ಅನುಕೂಲವಿಲ್ಲದೆ ಗ್ರಂಥಾಲಯದಿಂದ ತಂದು ಓದುತ್ತಿದ್ದರಂತೆ. ಇಂಗ್ಲಿಷ್ ಕಥೆಗಳಲ್ಲಿ ತಿಳಿಯದ ಭಾಗಗಳನ್ನು ಚಿತ್ರ ನೋಡಿ, ಊಹಿಸಿ, ತಾವೇ ತುಂಬಿಕೊಳ್ಳುತ್ತಿದ್ದರಂತೆ. ಕಾಲೇಜಿನಲ್ಲಿ ಓದಿದ್ದು ಸಮಾಜ ವಿಜ್ಞಾನ. ಕಂಪ್ಯೂಟರ್ ಸಂಸ್ಥೆಯೊಂದರ ಒಳ್ಳೆಯ ನೌಕರಿ ಬಿಟ್ಟು, 29ರ ವಯಸ್ಸಿನಲ್ಲಿ ಕಡಿಮೆ ಸಂಬಳಕ್ಕೆ ಆಟಗಳ ಕೆಲಸಕ್ಕೆ ಬಂದರು. ಡೀಮನ್ಸ್ ಸೋಲ್ಸ್ ಆಗ ಸಂಸ್ಥೆಯೊಳಗೆ ಕೈಬಿಟ್ಟಂಥ ಕೆಲಸ. ಹೇಗೂ ಕೆಟ್ಟುಹೋಗುವುದಾದರೆ ತನ್ನ ಮನಸ್ಸಿಗೆ ಬಂದಂತೆ ಮಾಡಬಹುದೆಂದೇ ಅದನ್ನು ಕೈಗೆತ್ತಿಕೊಂಡರಂತೆ. 2014ರಲ್ಲಿ ಅದೇ ಸಂಸ್ಥೆಯ ಅಧ್ಯಕ್ಷರಾದರು. ಇದನ್ನು ಓದಿದ ಮೇಲೆ ಅರ್ಧ ಅರ್ಥವಾಗುವ ಸಾಲುಗಳು ನನಗೆ ಬೇರೆಯಾಗಿ ಕಂಡವು. ಅಂಥ ಓದುವಿಕೆಗೆಂದೇ ಅವುಗಳನ್ನು ಹಾಗೆ ಬಿಟ್ಟಿದ್ದಾರೆ. ಕನ್ನಡ ಮಾಧ್ಯಮದ ಗೆಳೆಯರು ಈ ಕಾರಣಕ್ಕೆ ಯಾವ ಆಟವನ್ನೂ ಬಿಡಬೇಕಾಗಿಲ್ಲ. ನಿಯೊ ಒಂದನ್ನು ಬೇಕಾದರೆ ಬಿಡಿ. ಅದರಲ್ಲಿ ಓದಬೇಕಾದದ್ದು ಕಥೆಯಲ್ಲ, ಕೋಷ್ಟಕ.

ಕಡೆಯದಾಗಿ, ನಾನು ಯಾವುದನ್ನು ಆರಿಸಿದೆ ಎಂಬುದು. ಈ ಪರೀಕ್ಷೆ ಮುಗಿದ ಮೇಲೆ ನನಗೆ ಸಿಗುವುದು ಎರಡು ತಿಂಗಳು. ಆಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕು. ಕಂಪ್ಯೂಟರು ತಂಗಿಯ ಓದಿಗೆ. ಆದುದರಿಂದ ಒಂದೇ ಆಟ, ಅದೂ ಬಹುಶಃ ಬಹುಕಾಲಕ್ಕೆ ಕೊನೆಯದು. ನನ್ನ ಸ್ವಭಾವ ಯಾವುದೆಂದು ನನಗೆ ಗೊತ್ತಾದದ್ದು ಅಪ್ಪನಿಂದ.

ಅಪ್ಪ ಅಕ್ಕಿಯ ಗಿರಣಿಯಲ್ಲಿ ಹಮಾಲಿ. ಆಟವನ್ನು ಅವರು ಬೈದವರಲ್ಲ, ನೋಡಿದವರೂ ಅಲ್ಲ. ಡಾರ್ಕ್ ಸೋಲ್ಸ್‌ನಲ್ಲಿ ಆರ್ನ್‌ಸ್ಟೀನ್, ಸ್ಮೌ ಎಂಬ ಜೋಡಿ ಬಾಸುಗಳಿದ್ದಾರೆ; ಒಬ್ಬ ಮಿಂಚಿನಂತೆ ನುಗ್ಗುವವನು, ಇನ್ನೊಬ್ಬ ಗುಡ್ಡದಂಥವನು. ಅವರ ಮುಂದೆ ನಾನು ಹನ್ನೊಂದು ದಿನ ಸತ್ತೆ. ಒಂದು ರಾತ್ರಿ ಅಪ್ಪ ಊಟ ಮುಗಿಸಿ, ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಆ ಹಸಿರು ಗೆರಿ ಏನದು?” ಎಂದರು. ದಮ್ಮು ಎಂದೆ, ಅದು ಮುಗಿದರೆ ಹೊಡೆಯಲೂ ಆಗದು, ತಪ್ಪಿಸಿಕೊಳ್ಳಲೂ ಆಗದು. “ಮತ್ತ ಆ ಗುರಾಣಿ ಯಾಕ ಇಳಿಸವಲ್ಲ ಅವ? ಹೊತ್ತದ್ದು ಇಳಿಸದಿದ್ರ ದಣಿವು ಹೆಂಗ ಆರತೈತಿ?” ಎಂದರು. ನಾನು ಭಯದಿಂದ ಗುರಾಣಿಯನ್ನು ಎತ್ತಿಯೇ ಹಿಡಿದಿರುತ್ತಿದ್ದೆ. ಗುರಾಣಿ ಎತ್ತಿದ್ದಾಗ ದಮ್ಮು ನಿಧಾನವಾಗಿ ತುಂಬುತ್ತದೆ, ಇಳಿಸಿದರೆ ಬೇಗ ತುಂಬುತ್ತದೆ. ಇದು ಆಟದ ನಿಯಮವೇ. ಐವತ್ತು ಗಂಟೆ ಆಡಿಯೂ ನಾನು ಗಮನಿಸಿರಲಿಲ್ಲ. ಮೂಟೆ ಹೊರುವವರಿಗೆ ಹತ್ತು ನಿಮಿಷ ಸಾಕಾಯಿತು. ಮರುದಿನ ಗುರಾಣಿ ಇಳಿಸಿ ಆಡಿದೆ. ಮೂರನೆಯ ರಾತ್ರಿ ಇಬ್ಬರೂ ಬಿದ್ದರು. ಬಲ ಬೆಳೆಸಿರಲಿಲ್ಲ, ಕತ್ತಿ ಬದಲಿಸಿರಲಿಲ್ಲ.

ಹೀಗಾಗಿ ನನಗೆ ಸೆಕಿರೊ. ಅದರಲ್ಲಿ ಗುರಾಣಿ ಹೊತ್ತು ತಿರುಗುವ ಪ್ರಶ್ನೆಯೇ ಇಲ್ಲ, ದಮ್ಮಿನ ಹಸಿರು ಗೆರೆಯೂ ಇಲ್ಲ. ರಿಯಾಯಿತಿ ಬಂದ ದಿನ ಕೊಂಡಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ತೆರೆಯುವುದಿಲ್ಲವೆಂದು ತಂಗಿಯ ಕೈಗೆ ಪಾಸ್‌ವರ್ಡ್ ಕೊಟ್ಟಿದ್ದೇನೆ. ಈ ಲೇಖನದಲ್ಲಿ ಸೆಕಿರೊ ವಿಷಯವಾಗಿ ನಾನು ಬರೆದದ್ದೆಲ್ಲ ಆ ಗೆಳೆಯ ಬಿಟ್ಟ ಆಟವನ್ನು ಅವನ ಕೋಣೆಯಲ್ಲಿ ಕುಳಿತು ನಾಲ್ಕು ಸಂಜೆ ಆಡಿ ಕಂಡದ್ದು. ಐದನೆಯ ಸಂಜೆ ಹೋದಾಗ ಅವನೇ ಹನ್‌ಬೇಯ ಮುಂದೆ ಕುಳಿತಿದ್ದ. ನನ್ನನ್ನು ನೋಡಿ, “ಒಂದೈದು ನಿಮಿಷ ನಿಲ್ಲೋ” ಎಂದ. ನಾನು ಮುಕ್ಕಾಲು ಗಂಟೆ ನಿಂತು ಹಿಂದಿರುಗಿದೆ.